ಶಾಲೆಯ ಟ್ರಂಪೆಟ್ ಮತ್ತೆ ನುಡಿದದ್ದು: ನನ್ನ ಅನುಭವ

ದಾವಣಗೆರೆಯ ನಮ್ಮ ಶಾಲೆಯಲ್ಲಿ 2 ವರ್ಷ ಯಾರೂ ಮುಟ್ಟದೆ ಇದ್ದ ಟ್ರಂಪೆಟ್ಟನ್ನು ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆಂದು ಹೊರತೆಗೆದಾಗ, ಅದರ, ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಮೂರು ವಾಲ್ವ್‌ಗಳಲ್ಲಿ ನಡುವಿನದು ಒತ್ತಿದರೆ ಮೇಲೇಳುತ್ತಿರಲಿಲ್ಲ. ಇಕ್ಕಳದಿಂದ ಎಳೆಯುವ ಸಲಹೆಯನ್ನು ನಾನು ಒಪ್ಪಲಿಲ್ಲ. ಹೊರಗವಚ ಕೂದಲೆಳೆಯಷ್ಟು ನೆಗ್ಗಿದರೂ ಒಳಗೆ ಮೇಲೆ ಕೆಳಗೆ ಜಾರುವ ಕೊಳವೆ, ಅಂದರೆ ಪಿಸ್ಟನ್, ಸಿಕ್ಕಿಕೊಳ್ಳುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿ, ಸಂದಿಗೆ ವಾಲ್ವ್ ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೆಯೇ ಇರಿಸಿದೆ. ಬೆಳಿಗ್ಗೆ ಪಿಸ್ಟನ್ ಕೈಯಿಂದಲೇ ಹೊರಬಂದಿತು.

ಮೂರೂ ಪಿಸ್ಟನ್‌ಗಳ ಹಸಿರು ಕಿಲುಬನ್ನು ಉಗುರುಬೆಚ್ಚಗಿನ ಸೋಪಿನ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೆಗೆದೆ. ಹುಣಸೆಹಣ್ಣಾಗಲಿ ಪಾಲಿಶ್ ಆಗಲಿ ಹಿತ್ತಾಳೆ ಪಾತ್ರೆಗೆ ಸರಿಯೇ ಹೊರತು, ಬಿಗಿ ಅಳತೆಯ ಪಿಸ್ಟನ್ನಿಗೆ ಸಲ್ಲದು. ಅದು ಸವೆದರೆ ಗಾಳಿ ಸೋರುತ್ತದೆ. ಮೇಲೆ ಕೊರೆದ ಸಂಖ್ಯೆ ನೋಡಿ ಪ್ರತಿಯೊಂದನ್ನೂ ಅದರದೇ ಕವಚಕ್ಕೆ ಸೇರಿಸಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಊದಿದ ಮೊದಲ ಸ್ವರಕ್ಕೆ ನನ್ನ ಮನಸ್ಸು ತುಂಬಿಬಂದಿತು. ಅಗಲ ಬಾಯಿಯ ಬಳಿಯ ನೆಗ್ಗನ್ನು ಮಾತ್ರ ಮುಟ್ಟಿಲ್ಲ. ಅದಕ್ಕೆ ವಾದ್ಯ ರಿಪೇರಿಯಲ್ಲಿ ಪಳಗಿದವರ ಕೈಯೇ ಬೇಕು.