ಎರೆಮಣ್ಣಿನ ಹಿತ್ತಲಲ್ಲಿ ನೀರು ಹಿಡಿದ ಬಗೆ

ನಮ್ಮ ಮನೆ ಇರುವುದು ರಾಯಚೂರಿನ ಅಂಚಿನ ಒಂದು ಬಡಾವಣೆಯಲ್ಲಿ. ಹಿಂದೆ ಇಲ್ಲಿ ಹತ್ತಿ ಬೆಳೆಯುತ್ತಿದ್ದರು; ಆ ಹೊಲದ ಎರೆಮಣ್ಣೇ, ಎಂದರೆ ಕಪ್ಪು ಜೇಡಿಮಣ್ಣೇ, ಈಗ ನಮ್ಮ ಹಿತ್ತಲು. ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟು, ಏಪ್ರಿಲ್ ಬಂತೆಂದರೆ ಅಂಗೈ ತೂರುವಷ್ಟು ಬಿರುಕು. ಒಂದು ನಿಂಬೆ, ಒಂದು ನುಗ್ಗೆ, ಎರಡು ಕರಿಬೇವು, ಮಲ್ಲಿಗೆ ಬಳ್ಳಿ, ಮೂವತ್ತು ಕುಂಡ, ಇಷ್ಟು ನನ್ನ ಸಂಸಾರ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿದ್ದೂ ಮೇ ತಿಂಗಳಲ್ಲಿ ನಲ್ಲಿಯ ದಾರಿ ಕಾಯುವುದು ನಮಗೆ ಹೊಸತಲ್ಲ.

ಒಂದು ಬೇಸಿಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. 16 ಲೀಟರ್ ಬಕೆಟ್ ನಮ್ಮ ಪೈಪಿನಿಂದ 65 ಸೆಕೆಂಡಿನಲ್ಲಿ ತುಂಬುತ್ತದೆ. ಸಂಜೆ ಅರ್ಧ ತಾಸು ಪೈಪ್ ಹಿಡಿದರೆ 440 ಲೀಟರ್. ಇಷ್ಟಾದರೂ ಮರುದಿನ ಮಧ್ಯಾಹ್ನಕ್ಕೆ ನಿಂಬೆಯ ಎಲೆ ಮುದುಡುತ್ತಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ನೀರು ಬುಡದ ಪಕ್ಕದ ಬಿರುಕಿನೊಳಗೆ ಗುಳುಗುಳು ಇಳಿಯುತ್ತಿತ್ತು. ಬುಡದ ಬೇರಿಗೆ ಸಿಗುತ್ತಿದ್ದುದು ಮೇಲಿನ ಪಸೆ ಮಾತ್ರ. ಒಳಗೆ ಇದ್ದಬದ್ದ ತೇವವೂ ಅದೇ ಬಿರುಕಿನಿಂದ ಹೊರಗೆ ಆರಿಹೋಗುತ್ತಿತ್ತು.

ಆಗ ನೆನಪಾದದ್ದು ಅಪ್ಪನ ಹಿಂಗಾರಿ ಜೋಳ. ಹೊಲದಲ್ಲಿ ಒಂದು ಎಳೆ ಕಳೆ ಇಲ್ಲದಿದ್ದರೂ ಅಪ್ಪ ಎಡೆ ಹೊಡೆಯುತ್ತಿದ್ದರು, ಎಂದರೆ ಸಾಲುಗಳ ನಡುವೆ ಕುಂಟೆ ಎಳೆದು ಮೇಲ್ಮಣ್ಣು ಸಡಿಲಿಸುತ್ತಿದ್ದರು. ಯಾಕೆಂದು ಕೇಳಿದರೆ, "ನೆಲ ಬಾಯಿ ಬಿಡಬಾರದವ್ವಾ" ಎನ್ನುತ್ತಿದ್ದರು. ನಾನೂ ಸಣ್ಣ ಗುದ್ದಲಿ ಹಿಡಿದು ಗಿಡಗಳ ಸುತ್ತ ಎರಡು ಬೆರಳು ಆಳಕ್ಕೆ ಮಣ್ಣು ಸಡಿಲಿಸಿದೆ. ಬಿರುಕಿಗೆ ಪುಡಿಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರ ತುಂಬಿದೆ. ಅದರ ಮೇಲೆ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು ಹರಡಿದೆ. ಆಷಾಢದ ಗಾಳಿಗೆ ಅದು ಪಕ್ಕದ ಮನೆಯವರ ಸಂಡಿಗೆಯ ಮೇಲೆ ಹೋಗಿ ಕುಳಿತಿತು, ಮಾತು ಕೇಳಬೇಕಾಯಿತು. ಈಗ ಕಡಿದ ಜೋಳದ ದಂಟು ಮತ್ತು ಶೇಂಗಾ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹಾಸುತ್ತೇನೆ. ಕಾಂಡಕ್ಕೆ ತಾಗಿಸಿದರೆ ಗೆದ್ದಲು ಹತ್ತುತ್ತದೆ, ಒಂದು ಗೇಣು ಬಿಡಬೇಕು. ಒಂದು ಕರಿಬೇವು ಕಳೆದುಕೊಂಡು ಕಲಿತದ್ದು ಇದು. ನಿಂಬೆಗೆ ಈಗ ನಾಲ್ಕು ದಿನಕ್ಕೊಮ್ಮೆ ಎರಡು ಬಕೆಟ್ ಸಾಕು.

ಆಮೇಲೆ ಗಡಿಗೆ ಹೂಳಿದೆ. ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ನೀರು ತುಂಬಿ, ಬಾಯಿಗೆ ಹೆಂಚಿನ ಚೂರು ಮುಚ್ಚಿದರೆ ನೀರು ಗೋಡೆಯಿಂದ ಜಿನುಗಿ ಬೇರಿಗೆ ಸಿಗುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ಹೆಚ್ಚು ಜಿನುಗುತ್ತದೆ. ನಾನು ಜಾಣತನ ಮಾಡಿ, ಅಡುಗೆಮನೆಯಲ್ಲಿ ಕುಡಿಯುವ ನೀರಿಗೆ ಬಳಸಿ ಬಿಟ್ಟಿದ್ದ ಹಳೆಯ ಗಡಿಗೆಗಳನ್ನೇ ಹೂಳಿದೆ. ವಾರವಾದರೂ ನೀರು ಇಳಿಯಲಿಲ್ಲ. ನೀರು ತಣ್ಣಗೆ ಮಾಡುವುದನ್ನು ನಿಲ್ಲಿಸಿದ ಗಡಿಗೆಯ ರಂಧ್ರಗಳು ಕಟ್ಟಿಹೋಗಿರುತ್ತವೆ, ಅದು ಜಿನುಗುವುದೂ ಇಲ್ಲ. ನಮ್ಮ ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಅದರ ಕೆಲಸ ಮಾಡಿತ್ತು. ಹೊಸ ಗಡಿಗೆ ತಂದೆ, ಅದಕ್ಕೆ ನಲ್ಲಿಯ ನೀರನ್ನೋ ಮಳೆನೀರನ್ನೋ ಮಾತ್ರ ಹಾಕುತ್ತೇನೆ.

ನನ್ನ ದೊಡ್ಡ ತಪ್ಪು ವಾಷಿಂಗ್ ಮಷಿನ್ ನೀರಿನದು. ಒಂದೂ ಹನಿ ಪೋಲಾಗಬಾರದೆಂದು ಅದರ ಪೈಪನ್ನು ನೇರವಾಗಿ ನುಗ್ಗೆಯ ಬುಡಕ್ಕೆ ಬಿಟ್ಟೆ. ಒಂದು ವರ್ಷದಲ್ಲಿ ಅಲ್ಲಿಯ ಮಣ್ಣು ಒಣಗಿದರೆ ಇಟ್ಟಿಗೆಯಂತೆ, ನೆನೆದರೆ ಅಂಬಲಿಯಂತೆ ಆಯಿತು. ನೀರು ಒಳಗಿಳಿಯದೆ ಮೇಲೆಯೇ ನಿಲ್ಲುತ್ತಿತ್ತು. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ, ಎರೆಮಣ್ಣಿನ ಜೇಡಿಯನ್ನು ಅದು ಕೆಡಿಸುತ್ತದೆ. ಸಿಂಧನೂರಿನ ಕಾಲುವೆಯ ಕೆಳಗೆ ಉಪ್ಪು ಕಟ್ಟಿ ಸವಳಾದ ಗದ್ದೆಗಳನ್ನು ನೋಡಿದವಳು ನಾನು, ಮನೆಯಲ್ಲೇ ಒಂದು ತುಣುಕು ಸವಳು ಮಾಡಿಕೊಂಡೆ. ಜಿಪ್ಸಂ ಹಾಕಿ, ಎರಡು ಮಳೆಗಾಲ ತೊಳೆಸಿದ ಮೇಲೆ ನೆಲ ಸ್ವಲ್ಪ ದಾರಿಗೆ ಬಂದಿದೆ. ಈಗ ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಕುಂಡಗಳಿಗೆ. ಬಟ್ಟೆಯ ಸೋಪಿನ ನೀರು ಅಂಗಳದ ಬಂಡೆ ತೊಳೆಯುವುದಕ್ಕೆ ಮಾತ್ರ.

ಗೋಡೆಯ ಪಕ್ಕ ಇಂಗುಗುಂಡಿ ತೋಡಿಸಬೇಕೆಂದಿದ್ದೆ. ಗೌಂಡಿ ತಡೆದರು. "ಎರೆಭೂಮಿ ನೀರು ನುಂಗುವುದಿಲ್ಲ ಅಕ್ಕಾ, ಉಬ್ಬುತ್ತದೆ. ಪಾಯ ಎದ್ದರೆ ಗೋಡೆ ಸೀಳುತ್ತದೆ" ಎಂದರು. ಹಾಗಾಗಿ ಚಾವಣಿಯ ನೀರನ್ನು ನಾಲ್ಕು ಇಂಚಿನ ಪೈಪಿನಲ್ಲಿ, ಮರಳು ಮತ್ತು ಜಲ್ಲಿಯ ಸೋಸುಗುಂಡಿಯ ಮೂಲಕ, 5,000 ಲೀಟರ್ ಸಂಪ್ ತೊಟ್ಟಿಗೆ ಬಿಟ್ಟೆವು. ತುಂಬಿ ಹೊರಬಂದದ್ದು ಗೋಡೆಯಿಂದ ದೂರದ ಗಿಡಗಳ ಪಾತಿಗೆ ಹರಿಯುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಡುತ್ತೇವೆ, ಬೇಸಿಗೆಯ ಧೂಳೆಲ್ಲ ಅದರಲ್ಲಿರುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ 600 ಚದರ ಅಡಿ ಚಾವಣಿ ಎಂದರೆ ಸುಮಾರು 56 ಚದರ ಮೀಟರ್, 40 ಮಿಲಿಮೀಟರ್ ಮಳೆಗೆ 2,000 ಲೀಟರಿಗೂ ಮಿಕ್ಕಿ. ಆದರೆ ಆ ನೀರು ಮೇ ತಿಂಗಳವರೆಗೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲಿ ಸಂಕ್ರಾಂತಿಗೆ ಸಂಪಿನ ತಳ ಕಾಣುತ್ತದೆ. ನನ್ನ ಮಟ್ಟಿಗೆ ಅದರ ಲಾಭ ಬೇರೆ. ಹೊರಹರಿದ ನೀರಿನಿಂದ ಸೆಪ್ಟೆಂಬರಿನಲ್ಲಿ ಪಾತಿ ಆಳಕ್ಕೆ ನೆನೆದಿರುತ್ತದೆ. ಆಗಲೇ ಹೊದಿಕೆ ಹಾಸಿಬಿಟ್ಟರೆ ಫೆಬ್ರುವರಿಯವರೆಗೂ ಗಿಡ ಅಷ್ಟಾಗಿ ನೀರು ಕೇಳುವುದಿಲ್ಲ.

ಕುಂಡಗಳ ವಿಷಯ ಸುಲಭವಾಯಿತು. ಮಹಡಿಯಿಂದ ಇಳಿಸಿ ಪೂರ್ವದ ಗೋಡೆಯ ನೆರಳಿಗೆ ಒತ್ತೊತ್ತಾಗಿ ಇಟ್ಟು, ಮೇಲೆ ಹಸಿರು ಬಲೆ ಕಟ್ಟಿದೆ. ನೀರು ಬೆಳಗ್ಗೆ ಆರಕ್ಕೆ ಮುಂಚೆ, ತಂಬಿಗೆಯಲ್ಲಿ.

ಜಗಳವಾದದ್ದು ಅಂಗಳದ ಬಗ್ಗೆ. ಅತ್ತೆ ದಿನಾ ಬೆಳಗ್ಗೆ ಎರಡು ಕೊಡ ನೀರು ಹೊಡೆದು ರಂಗೋಲಿ ಹಾಕುವವರು. "ಹೊಸ್ತಿಲ ಮುಂದೆ ನೀರು ಬೀಳದೆ ಬೆಳಗಾಗುವುದುಂಟೇನವ್ವಾ?" ಎಂದು ನನ್ನ ಬಕೆಟ್ ಲೆಕ್ಕವನ್ನೆಲ್ಲ ತಳ್ಳಿಹಾಕಿದರು. ನಾನು ಸುಮ್ಮನಾದೆ. ಆ ಬೇಸಿಗೆಯಲ್ಲಿ ನಲ್ಲಿ ಆರು ದಿನ ಬರಲಿಲ್ಲ. ಏಳನೆಯ ಬೆಳಗ್ಗೆ ನೋಡಿದರೆ ಅವರೇ ಒಂದು ಚೊಂಬು ನೀರನ್ನು ಕೈಯಿಂದ ಚಿಮುಕಿಸಿ ಎಳೆ ಎಳೆಯುತ್ತಿದ್ದರು. ನನ್ನನ್ನು ಕಂಡು, "ಶುಕ್ರವಾರ ಮಾತ್ರ ಕೊಡ ಹೊಡೆಯುತ್ತೇನೆ, ನೋಡು" ಎಂದರು. ಈಗಲೂ ಶುಕ್ರವಾರ ಕೊಡವೇ. ಆ ನೀರು ಇಳಿದು ಸೇರುವ ಕಡೆ ಮಲ್ಲಿಗೆಯ ಪಾತಿಯನ್ನು ಒಂದು ಮೊಳ ಅಗಲಿಸಿದ್ದೇನೆ.