ಬೋರ್ ಮಾಡಿಸಿದರೆ ಪವರ್ ಬರುತ್ತದೆಯೇ? ಬ್ಲಾಕ್ ಬಿಚ್ಚುವ ಮುನ್ನ ನೋಡಿ

ಬೋರ್ ಮಾಡಿಸುವುದೆಂದರೆ ಎಂಜಿನ್ ಬ್ಲಾಕಿನಲ್ಲಿ ಪಿಸ್ಟನ್ ಓಡಾಡುವ ತೂತನ್ನು ಕೆರೆಸಿ ಅಗಲಿಸುವುದು. ಹಳೇ ಸ್ಪ್ಲೆಂಡರ್ ಬೈಕಿನ ಬೋರ್ (ಆ ತೂತಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5 ಮಿ.ಮೀ., ಒಟ್ಟು 97.2 ಸಿಸಿ. ಓವರ್‌ಸೈಜ್ ಪಿಸ್ಟನ್ ಸಿಗುವುದು 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಸೈಜಿನಲ್ಲಿ. ಕೊನೇ ಸೈಜಿಗೆ ಹೋದರೂ ಆಗುವುದು 101.1 ಸಿಸಿ. ಇಷ್ಟೆಲ್ಲ ಲೋಹ ಕೆರೆಸಿ ದಕ್ಕಿದ್ದು ನಾಲ್ಕು ಸಿಸಿಗೂ ಕಡಿಮೆ! ಕಾರ್ಬ್ಯುರೇಟರ್, ವಾಲ್ವ್, ಕ್ಯಾಮ್ ಎಲ್ಲ ಹಳೆಯವೇ ಆದ್ದರಿಂದ ಟಾಪ್ ಸ್ಪೀಡ್‌ನಲ್ಲಿ ಅದೂ ಗೊತ್ತಾಗುವುದಿಲ್ಲ.

ಹಾಗಿದ್ದರೆ "ಬೋರ್ ಮಾಡಿಸಿದ ಮೇಲೆ ಪಿಕಪ್ ಬಂತು" ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಸವೆದ ಬೋರಿನಲ್ಲಿ ಸೋರಿಹೋಗುತ್ತಿದ್ದ ಕಂಪ್ರೆಷನ್ ವಾಪಸ್ ಬಂದಿದೆ, ಅಷ್ಟೇ. ಬೋರಿಂಗ್ ಎಂದರೆ ರಿಪೇರಿ. ಚೆನ್ನಾಗಿರುವ ಬ್ಲಾಕನ್ನು ಪವರ್ ಆಸೆಗೆ ಬೋರ್ ಮಾಡಿಸಿದರೆ ಮುಂದೆ ನಿಜವಾಗಿ ಸವೆದಾಗ ಬೇಕಾಗುವ ಸೈಜನ್ನು ಈಗಲೇ ಕಳೆದುಕೊಂಡಂತೆ.

ಬಿಚ್ಚುವ ಮೊದಲು ಎಂಜಿನ್ ಬಿಸಿಯಿದ್ದಾಗ ಪ್ಲಗ್ ತೆಗೆದು ಆ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆದು ಕಂಪ್ರೆಷನ್ ನೋಡಿ. ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಗೇಜ್ ಏರಿದರೆ ಸವೆದಿರುವುದು ಪಿಸ್ಟನ್ ಸುತ್ತಲಿನ ರಿಂಗು, ಬೋರು. ಏರದಿದ್ದರೆ ವಾಲ್ವ್ ಕಡೆ ಅನುಮಾನಪಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋಗುತ್ತಿದ್ದರೆ ಬಹುಮಟ್ಟಿಗೆ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದೆ. ಅದಕ್ಕೆ ಬ್ಲಾಕ್ ಬೋರ್ ಮಾಡಿಸಿದರೆ ದುಡ್ಡು ದಂಡ.

ಬೋರ್ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಅಡ್ಡ-ಉದ್ದ ಎರಡೂ ದಿಕ್ಕಿನಲ್ಲಿ ತೆಗೆಯಬೇಕು. ಮೇಲಿನ ರಿಂಗ್ ತಿರುಗಿ ಬರುವ ಜಾಗದ ಸ್ವಲ್ಪ ಕೆಳಗೆ ಸವೆತ ಹೆಚ್ಚು. ಸವೆತ ಹೋಗುವ ಅತಿ ಚಿಕ್ಕ ಸೈಜನ್ನೇ ಆರಿಸಿ. 0.25 ಸಾಕಾಗುವಲ್ಲಿ 1.00ಕ್ಕೆ ಹಾರಬೇಡಿ.

ಪಿಸ್ಟನ್ ಮೊದಲು ಕೊಳ್ಳಿ, ಬ್ಲಾಕ್ ಆಮೇಲೆ ಲೇತ್ ಶಾಪಿಗೆ ಕೊಡಿ. ಡಬ್ಬದ ಮೇಲಿನ ಸೈಜ್ ನಂಬಿ ಬೋರ್ ಮಾಡುವ ಕೆಲಸಗಾರನಿಗೆ ಬ್ಲಾಕ್ ಕೊಡಬೇಡಿ. ಆ ಪಿಸ್ಟನ್ನನ್ನೇ ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಕೆಳತುದಿಯಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡವಾಗಿ ಮೈಕ್ರೊಮೀಟರ್ ಹಿಡಿದು ಅಳೆದು, ಅದಕ್ಕೆ ಮ್ಯಾನ್ಯುಯಲ್ ಹೇಳುವ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು) ಸೇರಿಸಬೇಕು. ಈ ಅಳತೆಯ ಎಂಜಿನ್ನಿಗೆ ಅದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ಬೋರ್ ಮಾಡುವಾಗ 0.03ರಿಂದ 0.05 ಮಿ.ಮೀ. ಉಳಿಸಿಕೊಂಡು ಕೊನೆಯ ಅಳತೆಗೆ ಕಲ್ಲಿನಿಂದ ನಯವಾಗಿ ಉಜ್ಜುವ ಹೋನಿಂಗ್‌ನಲ್ಲೇ ಬರಬೇಕು. "ಟೈಟ್ ಇದ್ದರೆ ಬಾಳಿಕೆ ಹೆಚ್ಚು" ಎಂಬ ಮಾತಿಗಿಂತ ದುಬಾರಿ ಮಾತು ಈ ಕಸುಬಿನಲ್ಲಿಲ್ಲ. ಅಲ್ಯುಮಿನಿಯಂ ಪಿಸ್ಟನ್ ಬ್ಲಾಕಿನ ಒಳಗೋಡೆಯಾದ ಬೀಡುಕಬ್ಬಿಣದ ಲೈನರ್‌ಗಿಂತ ಹೆಚ್ಚು ಹಿಗ್ಗುತ್ತದೆ. ಘಟ್ಟ ಹತ್ತುವಾಗ ಜಾಮ್.

ಹೋನಿಂಗ್ ಪುಡಿ ಪೆಟ್ರೋಲಿಗೆ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಶ್ ಹಿಡಿದು ತಿಕ್ಕಿ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಕಂಡರೆ ಮತ್ತೆ ತೊಳೆಯಿರಿ. ರಿಂಗನ್ನು ಪಿಸ್ಟನ್ ತಲೆಯಿಂದ ನೇರವಾಗಿ ಬೋರಿನೊಳಗೆ ತಳ್ಳಿ ಫೀಲರ್ ಗೇಜಿನಿಂದ (ತೆಳು ಪಟ್ಟಿಗಳ ಅಳತೆ ಸಾಧನ) ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ ನೋಡಿ. ಗ್ಯಾಪ್ ಸಾಲದಿದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ಹೊಸ ಬೋರನ್ನು ಗೀರುತ್ತವೆ. ಪಿಸ್ಟನ್ ಮೇಲಿನ 'ಇನ್' ಗುರುತು ಕಾರ್ಬ್ಯುರೇಟರ್ ಕಡೆಗಿರಲಿ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ ಹೊಸದನ್ನೇ ಹಾಕಿ. ಅದಕ್ಕೂ ಮುಂಚೆ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ, ಇಲ್ಲವಾದರೆ ಜಾರಿದ ಕ್ಲಿಪ್ಪಿಗಾಗಿ ಎಂಜಿನ್ ಪೂರ್ತಿ ಬಿಚ್ಚಬೇಕಾದೀತು.

ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕಿನಲ್ಲಿ ಒಂದು ಕೆಲಸ ಹೆಚ್ಚು. ಬೋರ್ ಮಾಡಿದಾಗ ಗೋಡೆಯಲ್ಲಿ ಗಾಳಿ-ಪೆಟ್ರೋಲ್, ಹೊಗೆ ಹಾಯುವ ಕಿಂಡಿಗಳಾದ ಪೋರ್ಟ್‌ಗಳ ಅಂಚು ಕತ್ತಿಯಂತಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಲೈನರ್ ಕಿತ್ತು ದೊಡ್ಡದನ್ನು ಕೂರಿಸಿ, ಕ್ರ್ಯಾಂಕ್‌ಕೇಸ್ ಬಾಯಿ ಅಗಲಿಸುವ ಕೆಲಸದಲ್ಲಿ ಸಿಸಿ ನಿಜಕ್ಕೂ ಹೆಚ್ಚುತ್ತದೆ. ಜೊತೆಗೆ ಬ್ಲಾಕ್ ಹಿಡಿದಿಡುವ ಸ್ಟಡ್ಡುಗಳ ನಡುವೆ ಗ್ಯಾಸ್ಕೆಟ್ ಕೂರುವ ಜಾಗ ಸಣ್ಣದಾಗುತ್ತದೆ, ಕಾರ್ಬ್ಯುರೇಟರಿನ ಜೆಟ್ ಬದಲಿಸಬೇಕಾಗುತ್ತದೆ, ಕ್ರ್ಯಾಂಕ್ ಬೇರಿಂಗ್ ಮೇಲೆ ಹೊರೆ ಬೀಳುತ್ತದೆ. ಆರ್‌ಸಿಯಲ್ಲಿರುವ ಸಿಸಿಗೂ ಎಂಜಿನ್ನಿಗೂ ತಾಳೆಯಾಗದಿದ್ದರೆ ಗಾಡಿಯ ಮಾರ್ಪಾಡಿಗೆ ತಡೆ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. 390 ಡ್ಯೂಕ್‌ನಂಥ ನಿಕಾಸಿಲ್ (ನಿಕ್ಕಲ್ ಆಧಾರಿತ ಗಟ್ಟಿ ಪದರ) ಲೇಪದ ಬ್ಲಾಕಿಗಂತೂ ಮಾಮೂಲಿ ಬೋರಿಂಗ್ ಮಾಡಿಸಲೇಬಾರದು, ಲೇಪ ಹೋಗುತ್ತದೆ.

ಜೋಡಿಸಿದ ಮೇಲೆ ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಮೆಲ್ಲಗೆ ಓಡಿಸುತ್ತಲೇ ಇರುವುದೂ ತಪ್ಪು. ರಿಂಗ್ ಕೂರಲು ಸ್ವಲ್ಪ ಒತ್ತಡ ಬೇಕು. ಅರ್ಧ ಆಕ್ಸಿಲರೇಟರ್ ಕೊಟ್ಟು ವೇಗ ಏರಿಸಿ, ಬಿಟ್ಟು ಇಳಿಸಿ. ಟಾಪ್ ಗೇರಿನಲ್ಲಿ ತಿಣುಕಿಸಬೇಡಿ. 500 ಮುಗಿದ ಕೂಡಲೇ ಆಯಿಲ್ ಬದಲಿಸಿ. ಆ ಆಯಿಲಿನಲ್ಲಿ ಮಿನುಗುವ ಸಣ್ಣ ಪುಡಿ ಕಂಡರೆ ಗಾಬರಿ ಬೇಡ, ಚೂರುಗಳು ಕಂಡರೆ ಮಾತ್ರ ಗಾಡಿ ನಿಲ್ಲಿಸಿ.