ನೆತ್ತಿಯ ಕ್ಯಾನ್ಸರ್ ತೆಗೆದ ಮೇಲೆ ಗಾಯ ಮುಚ್ಚುವುದು: ವಿಜಯಪುರದಲ್ಲಿ ನಾನು ಅನುಸರಿಸುವ ಕ್ರಮ

ನೆತ್ತಿಯ ಗಡ್ಡೆ ತೆಗೆದಾಗ ಎಷ್ಟು ಅಗಲ ಹೋಯಿತು ಅನ್ನುವುದಕ್ಕಿಂತ ಎಷ್ಟು ಆಳ ಹೋಯಿತು ಅಂತ ಮೊದಲು ನೋಡುತ್ತೇನೆ. ಬುರುಡೆಗೆ ಹತ್ತಿದ ತೆಳು ಪೊರೆ, ಪೆರಿಕ್ರೇನಿಯಂ, ಉಳಿದಿದ್ದರೆ ಅಂಗೈ ಅಗಲದ ಗಾಯಕ್ಕೂ ತೊಡೆಯ ತೆಳು ಚರ್ಮ (ಗ್ರಾಫ್ಟ್) ಹಚ್ಚಬಹುದು. ಎಲುಬು ಬಯಲಾದರೆ ಸಣ್ಣ ಗಾಯವೂ ಕಾಡುತ್ತದೆ. ಹಾಗಂತ ಪೊರೆಯ ಆಸೆಗೆ ಗಡ್ಡೆ ಬಿಡುವಂತಿಲ್ಲ. ಬೆರಳಿಟ್ಟು ಅಲ್ಲಾಡಿಸಿದಾಗ ಗಡ್ಡೆ ಸರಿಯದಿದ್ದರೆ ಪೊರೆಯನ್ನೂ ಕೂಡಿಸಿಯೇ ತೆಗೆಯಬೇಕು.

ಸ್ಕ್ವಾಮಸ್ ಗಡ್ಡೆ (ಚರ್ಮದ ಒಂದು ಬಗೆಯ ಕ್ಯಾನ್ಸರ್) ದೊಡ್ಡದಿದ್ದರೆ ಸುತ್ತ ಕನಿಷ್ಠ 1 ಸೆಂ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುವಂತೆ ಗೆರೆ ಹಾಕುತ್ತೇನೆ. ಅಂಚಿನ ಬಗ್ಗೆ ಅನುಮಾನವಿದ್ದರೆ ಅವತ್ತು ಫ್ಲ್ಯಾಪ್, ಅಂದರೆ ಪಕ್ಕದ ಚರ್ಮವನ್ನು ರಕ್ತನಾಳ ಸಮೇತ ಎತ್ತಿ ತಿರುಗಿಸಿ ಗಾಯ ಮುಚ್ಚುವುದು, ಮಾಡುವುದೇ ಇಲ್ಲ. ಪ್ಯಾರಾಫಿನ್ ಗಾಜ್ ಇಟ್ಟು ಬಯಾಪ್ಸಿ ವರದಿಗೆ ಕಾಯುತ್ತೇನೆ. ಫ್ಲ್ಯಾಪ್ ತಿರುಗಿಸಿದ ಮೇಲೆ ವರದಿಯಲ್ಲಿ ಅಂಚಿನಲ್ಲಿ ರೋಗವಿದೆ ಅಂತ ಬಂದರೆ, ಆ ಅಂಚು ಈಗ ಎಲ್ಲಿದೆ ಅಂತ ಹುಡುಕುವುದೇ ಕಷ್ಟ.

3 ಸೆಂ.ಮೀ. ಒಳಗಿನ ಗಾಯ ಸಾಮಾನ್ಯವಾಗಿ ನೇರ ಹೊಲಿಗೆಗೆ ಬರುತ್ತದೆ. ಅದಕ್ಕೂ ದೊಡ್ಡದಕ್ಕೆ ರೊಟೇಶನ್ ಫ್ಲ್ಯಾಪ್, ಅಂದರೆ ಚರ್ಮವನ್ನು ಕಮಾನಿನಂತೆ ಕತ್ತರಿಸಿ ತಿರುಗಿಸುವುದು. ಹೊಸಬರು ಇಲ್ಲಿ ಜಿಪುಣತನ ಮಾಡುತ್ತಾರೆ. ನೆತ್ತಿಯ ಚರ್ಮ ಕೆನ್ನೆಯಂತೆ ಹಿಗ್ಗುವುದಿಲ್ಲ, ಕಮಾನಿನ ಉದ್ದ ಗಾಯದ ಅಗಲದ 4ರಿಂದ 6 ಪಟ್ಟು ಇರಲೇಬೇಕು. ಫ್ಲ್ಯಾಪಿನ ಬುಡದಲ್ಲಿ ಟೆಂಪೊರಲ್ (ಕಪೋಲದ ಮೇಲಿನ ಕಣತಲೆಯ) ಅಥವಾ ಆಕ್ಸಿಪಿಟಲ್ (ಹಿಂತಲೆಯ) ರಕ್ತನಾಳ ಸೇರಿರಬೇಕು. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಎರಡು ಲಕ್ಷಕ್ಕೆ ಒಂದರಂತೆ ಬೆರೆಸಿ ಚುಚ್ಚಿ, 7ರಿಂದ 10 ನಿಮಿಷ ಕಾದು, ನೆತ್ತಿಯ ಚರ್ಮದಡಿಯ ಗಟ್ಟಿ ಪದರವಾದ ಗೇಲಿಯಾದ ಕೆಳಗೆ ಫ್ಲ್ಯಾಪ್ ಎತ್ತುತ್ತೇನೆ. ಆ ಪದರದಲ್ಲಿ ರಕ್ತ ಕಡಿಮೆ. ಇನ್ನೂ ಸಾಲದಿದ್ದರೆ 15ನೇ ಬ್ಲೇಡಿನಿಂದ ಗೇಲಿಯಾಕ್ಕೆ ಎಳೆತಕ್ಕೆ ಅಡ್ಡಲಾಗಿ 1 ಸೆಂ.ಮೀ. ಅಂತರದಲ್ಲಿ ಗೀರು. ಹಳದಿ ಕೊಬ್ಬು ಇಣುಕಿದ ಕೂಡಲೇ ಕೈ ನಿಲ್ಲಬೇಕು, ರಕ್ತನಾಳಗಳು ಅಲ್ಲೇ ಹರಿಯುತ್ತವೆ. ಒಂದು ಗೀರಿಗೆ ಸಿಗುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಗೇಲಿಯಾಕ್ಕೆ 2-0 ವಿಕ್ರಿಲ್ (ತಾನೇ ಕರಗುವ ದಾರ), ಮೇಲೆ ಸ್ಟೇಪ್ಲರ್, ಒಳಗೆ ರಕ್ತ ಹೊರಬರಲು ಡ್ರೇನ್ ಕೊಳವೆ. ಬುಡದ ಹತ್ತಿರ ಏಳುವ ಚರ್ಮದ ಉಬ್ಬನ್ನು ಅವತ್ತೇ ಕತ್ತರಿಸಿದರೆ ಫ್ಲ್ಯಾಪಿನ ರಕ್ತವೇ ಹೋಗುತ್ತದೆ. ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಾನೇ ಕೂರುತ್ತದೆ.

ಎಲುಬು ಬಯಲಾಗಿ ಫ್ಲ್ಯಾಪ್ ಸಾಧ್ಯವಿಲ್ಲದಿದ್ದರೆ, ಅದರ ಹೊರ ಪದರವನ್ನು, ತಿರುಗುತ್ತಾ ಎಲುಬು ಸವೆಸುವ ಸಾಧನವಾದ ಬರ್‌ನಿಂದ ಸಲೈನ್ ಬಿಡುತ್ತಾ ಕೆರೆಯುತ್ತೇನೆ, ಸಣ್ಣ ಸಣ್ಣ ರಕ್ತದ ಚುಕ್ಕೆ ಮೂಡುವ ತನಕ. ಸಲೈನ್ ನಿಂತರೆ ಎಲುಬು ಸುಟ್ಟು ಸಾಯುತ್ತದೆ. ಒದ್ದೆ ಡ್ರೆಸ್ಸಿಂಗಿನಲ್ಲಿ ಎರಡು-ಮೂರು ವಾರಕ್ಕೆ ಕೆಂಪು ಮಾಂಸ ಬಂದ ಮೇಲೆ ಸುಮಾರು 0.3 ಮಿ.ಮೀ. ದಪ್ಪದ ಚರ್ಮ ಹಚ್ಚುವುದು. ಆದರೆ ಮುಂದೆ ರೇಡಿಯೇಶನ್ ಇದೆ ಅಂದರೆ ಈ ದಾರಿ ನನಗೆ ಒಗ್ಗುವುದಿಲ್ಲ. ಎಲುಬಿನ ಮೇಲಿನ ತೆಳು ಚರ್ಮ ಒಡೆಯುತ್ತದೆ. ಅಂಥವರನ್ನು, ಗಾಯ ತೀರಾ ದೊಡ್ಡದಿರುವವರನ್ನೂ, ಬೆನ್ನಿನ ಲ್ಯಾಟಿಸಿಮಸ್ ಸ್ನಾಯು ತಂದು ಸೂಕ್ಷ್ಮದರ್ಶಕದಡಿ ನಾಳ ಜೋಡಿಸುವ ಕಡೆ ಕಳಿಸುತ್ತೇನೆ.

ಗ್ರಾಫ್ಟ್ ಕೆಡುವುದು ಕೆಳಗೆ ರಕ್ತ ನಿಂತು, ಇಲ್ಲವೇ ಅಲುಗಾಡಿ. ಅದಕ್ಕೇ ಚರ್ಮಕ್ಕೆ ಅಲ್ಲಲ್ಲಿ ತೂತು, ಮೇಲೆ ಹತ್ತಿಯುಂಡೆ ಇಟ್ಟು ರೇಷ್ಮೆ ದಾರದಿಂದ ಬಿಗಿ. 5ನೇ ದಿನ ಬಿಚ್ಚುವವರೆಗೂ ಇಂಡಿ, ಸಿಂದಗಿ ಕಡೆಯವರನ್ನು ಊರಿಗೆ ಬಿಡುವುದಿಲ್ಲ. ಬಸ್ಸಿನ ಸೀಟಿಗೆ ತಲೆ ಒರಗಿಸಿದರೆ ಸಾಕು, ಚರ್ಮ ಜರುಗುತ್ತದೆ. ಹಿರಿಯರಿಗೆ ರುಮಾಲಿನದೇ ಚಿಂತೆ. ಬಿಗಿಯಾಗಿ ಸುತ್ತಿದರೆ ಫ್ಲ್ಯಾಪಿನ ತುದಿ ಕಪ್ಪಾಗುತ್ತದೆ, ಆರು ವಾರ ಬೇಡವೆನ್ನುತ್ತೇನೆ. ಬಿಸಿಲಿಗೆ ಸಡಿಲ ಟೋಪಿ ಸಾಕು. "ಸಾಹೇಬ್ರ, ಕೂದ್ಲ ಬರ್ತಾವೇನ್ರಿ?" ಅಂತ ಕೇಳಿದರೆ ಆಪರೇಶನ್ ಮುಂಚೆಯೇ ಉತ್ತರ ಹೇಳಿಬಿಡುತ್ತೇನೆ: ಫ್ಲ್ಯಾಪಿನ ಮೇಲೆ ಬರ್ತಾವ್ರಿ, ತೊಡೆಯ ಚರ್ಮದ ಮೇಲೆ ಬರಂಗಿಲ್ಲ.